ಎಲ್ಲಾ ಬೇಟೆಗೂ ಒಂದೇ ತೋಟಾ ಸಾಕೇ? ದಾವಣಗೆರೆ, ಚಿತ್ರದುರ್ಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಂಥ ಊರಲ್ಲಿ ರೈಫಲ್ ವಿಷಯ ಗೊತ್ತಿರೋನು ಅಂತ ಒಮ್ಮೆ ಹೆಸರು ಬಿದ್ದರೆ ಎರಡು ಥರದ ಜನ ಹುಡುಕಿಕೊಂಡು ಬರುತ್ತಾರೆ. ಒಬ್ಬರ ಮಗನೋ ಅಳಿಯನೋ ಅಮೆರಿಕದಲ್ಲಿರುತ್ತಾನೆ. ಆಫೀಸಿನ ಗೆಳೆಯರ ಜೊತೆ ಬೇಟೆಗೆ ಹೊರಟಿದ್ದಾನೆ, ಯಾವ ರೈಫಲ್ ಕೊಳ್ಳಲಿ ಎಂದು ಇಲ್ಲಿಗೆ ಫೋನ್ ಮಾಡಿರುತ್ತಾನೆ. ಇನ್ನೊಬ್ಬರು ಜಗಳೂರು, ಚನ್ನಗಿರಿ, ಹೊಸದುರ್ಗದ ಕಡೆಯ ರೈತರು. ತೆನೆ ಕಟ್ಟಿದ ಮೆಕ್ಕೆಜೋಳಕ್ಕೆ ಹಂದಿ ಬಿದ್ದಿರುತ್ತದೆ. ಇಬ್ಬರೂ ಕೇಳುವುದು ಎಲ್ಲದಕ್ಕೂ ಆಗುವಂಥ ಒಂದು ತೋಟಾ. ಇಬ್ಬರಿಗೂ ಒಂದೇ ಉತ್ತರ ಹೇಳಲಾಗದು, ಅದಕ್ಕೇ ಇಷ್ಟುದ್ದ ಬರೆಯಬೇಕಾಯಿತು.

## ಮೊದಲು ತಿಳಿದಿರಬೇಕಾದ್ದು

ಇಲ್ಲಿ ಬೇಟೆ ಆಡಂಗೇ ಇಲ್ಲ ಅಂದ್ಮೇಲೆ ಈ ಮಾತೆಲ್ಲ ಯಾಕೆ?

ಆಡುವ ಹಾಗಿಲ್ಲ, ನಿಜ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಬೇಟೆಯನ್ನು ನಿಷೇಧಿಸಿದೆ. ಕೊಂದರೆ ಮಾತ್ರ ಬೇಟೆ ಎಂದುಕೊಂಡವರು ಬಹಳ. ಉರುಳು ಹಾಕುವುದು, ಬೆನ್ನಟ್ಟುವುದು, ಗುರಿ ತಪ್ಪಿದ ಪ್ರಯತ್ನ, ಇವೂ ಕಾಯ್ದೆಯ ಕಣ್ಣಲ್ಲಿ ಬೇಟೆಯೇ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕೊಂಡುಕುರಿಯಾಗಲಿ, ಜೋಗಿಮಟ್ಟಿಯ ಕರಡಿ, ಚಿರತೆಯಾಗಲಿ ಪರಿಶಿಷ್ಟ 1ರಲ್ಲಿ, ಅಂದರೆ ಕಾಯ್ದೆ ಅತಿ ಹೆಚ್ಚು ರಕ್ಷಣೆ ಕೊಡುವ ಪ್ರಾಣಿಗಳ ಪಟ್ಟಿಯಲ್ಲಿವೆ. ಅವುಗಳ ತಂಟೆಗೆ ಹೋದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು.

ಹಾಗಾಗಿ ಈ ಪುಟದಲ್ಲಿ ದೊಡ್ಡ ಪ್ರಾಣಿಗಳ ಬೇಟೆ ಎಂದಾಗಲೆಲ್ಲ ಅದು ಕಾನೂನಿನ ಪ್ರಕಾರ ಬೇಟೆ ನಡೆಯುವ ದೇಶಗಳ ಮಾತು: ಅಮೆರಿಕ, ಕೆನಡಾ, ಜರ್ಮನಿ, ನಮೀಬಿಯಾ, ದಕ್ಷಿಣ ಆಫ್ರಿಕಾ. ಅಲ್ಲಿ ಸೀಸನ್ ಇರುತ್ತದೆ, ಪರವಾನಗಿ ಇರುತ್ತದೆ, ಎಷ್ಟು ಹೊಡೆಯಬಹುದು ಎಂಬ ಲೆಕ್ಕವೂ ಇರುತ್ತದೆ. ನಮ್ಮೂರಿನ ಕೋವಿ, ಲೈಸೆನ್ಸು, ಹಂದಿ ಕಾಟದ ಪ್ರಶ್ನೆಗಳು ಕೊನೆಯ ಭಾಗದಲ್ಲಿವೆ. ರೈತರು ನೇರ ಅಲ್ಲಿಗೇ ಹೋಗಬಹುದು.

ತೋಟಾ, ಗುಂಡು, ಕ್ಯಾಲಿಬರ್ ಎಲ್ಲಾ ಒಂದೇನಾ?

ಅಲ್ಲ. ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಈ ನಾಲ್ಕೂ ಸೇರಿದರೆ ತೋಟಾ. ನಳಿಗೆಯಿಂದ ಹಾರಿ ಹೋಗುವುದು ಗುಂಡೊಂದೇ. ಕ್ಯಾಲಿಬರ್ ಎಂದರೆ ನಳಿಗೆಯ ಒಳಗಿನ ಅಗಲ, ಅಷ್ಟೆ.

ಒಂದೇ ಅಗಲದ ಗುಂಡನ್ನು ಬೇರೆ ಬೇರೆ ಉದ್ದದ ಕೊಳವೆಗೆ ಕೂರಿಸಬಹುದು. .308 ವಿಂಚೆಸ್ಟರ್ ಮತ್ತು .30-06 ಸ್ಪ್ರಿಂಗ್‌ಫೀಲ್ಡ್ ಎರಡರಲ್ಲೂ ಗುಂಡಿನ ಅಗಲ 7.82 ಮಿ.ಮೀ. ಮೊದಲನೆಯದರ ಕೊಳವೆ 51 ಮಿ.ಮೀ. ಉದ್ದ, ಎರಡನೆಯದರದು 63 ಮಿ.ಮೀ. ಒಂದರ ತೋಟಾ ಇನ್ನೊಂದರ ರೈಫಲ್‌ಗೆ ಹಾಕುವಂತಿಲ್ಲ.

ಹೆಸರು ನೋಡಿ ಅಳತೆ ಹೇಳಲು ಹೋದರೆ ಮೋಸಹೋಗುತ್ತೀರಿ. .30-06ರ ಕೊನೆಯ 06 ಎಂಬುದು 1906, ಅಮೆರಿಕದ ಸೈನ್ಯ ಅದನ್ನು ಒಪ್ಪಿಕೊಂಡ ವರ್ಷ. .270ರ ಗುಂಡು ನಿಜಕ್ಕೂ .277 ಇಂಚು. ಯುರೋಪಿನವರು ಇಡುವ 7×57ರಂಥ ಹೆಸರೇ ವಾಸಿ: ಮೊದಲನೆಯದು ಅಗಲ, ಎರಡನೆಯದು ಕೊಳವೆಯ ಉದ್ದ.

ಇನ್ನು ಡಬ್ಬಿಯ ಮೇಲೆ ‘180 ಗ್ರೇನ್’ ಎಂದಿದ್ದರೆ ಅದು ಒಳಗಿನ ಮದ್ದಿನ ಲೆಕ್ಕವಲ್ಲ, ಗುಂಡಿನ ತೂಕ. ಒಂದು ಗ್ರಾಂಗೆ 15.4 ಗ್ರೇನ್. ಅಂದರೆ 180 ಗ್ರೇನ್ ಗುಂಡು 12 ಗ್ರಾಂಗೆ ತುಸು ಕಡಿಮೆ.

ನಮ್ಮಜ್ಜ ಜೋಡಿ ನಳಿಗೆ ಕೋವೀಲೇ ಹಂದಿ ಹೊಡೀತಿದ್ರಂತೆ. ರೈಫಲ್ಲೇ ಯಾಕೆ ಬೇಕು?

12 ಬೋರ್ ಕೋವಿಯ ನಳಿಗೆ ಒಳಗೆ ನುಣುಪು. ಚರೆ ಹೊರಬಿದ್ದೊಡನೆ ಚದುರುತ್ತಾ ಹೋಗುತ್ತದೆ. ದಪ್ಪ ಚರೆಯಾದರೂ ಮೂವತ್ತು, ನಲವತ್ತು ಮೀಟರ್ ದಾಟಿದ ಮೇಲೆ ಯಾವ ಕಾಳು ಎಲ್ಲಿ ಬೀಳುತ್ತದೋ ಹೇಳಲಾಗದು. ರೈಫಲ್ ನಳಿಗೆಯ ಒಳಗೆ ಸುರುಳಿ ಗೀರುಗಳಿವೆ. ಅವು ಗುಂಡನ್ನು ಗಿರಗಿರನೆ ತಿರುಗಿಸಿ ಬಿಡುವುದರಿಂದ ಅದು ನೇರ ಹೋಗುತ್ತದೆ. ಅಜ್ಜನ ಕಾಲದವರು ಹತ್ತಿರದಿಂದ ಹೊಡೆದರು. ಗಾಯಗೊಂಡು ಪೊದೆಗೆ ನುಗ್ಗಿ ಸತ್ತ ಹಂದಿಗಳ ಲೆಕ್ಕವನ್ನು ಕಥೆ ಹೇಳುವಾಗ ಯಾರೂ ಸೇರಿಸುತ್ತಿರಲಿಲ್ಲ.

## ಯಾವುದನ್ನು ಆರಿಸುವುದು

ಸುತ್ತಿ ಬಳಸಿ ಬ್ಯಾಡ ಸರ, ಒಂದೇ ಒಂದು ಹೆಸರು ಹೇಳ್ರಿ.

.30-06.

ಕಾರಣ ಕೇಳುವವರಿಗೆ: ಇದರಲ್ಲಿ 110 ಗ್ರೇನಿನಿಂದ 220 ಗ್ರೇನಿನವರೆಗೆ ಗುಂಡು ಹಾಕಬಹುದು. ನಮ್ಮ ಚುಕ್ಕೆ ಜಿಂಕೆಯಷ್ಟಿರುವ ಬಿಳಿಬಾಲದ ಜಿಂಕೆಗೆ 150 ಗ್ರೇನ್. ಅದು ಸೆಕೆಂಡಿಗೆ ಸುಮಾರು 885 ಮೀಟರ್ ವೇಗದಲ್ಲಿ ಹೊರಡುತ್ತದೆ. ಎಲ್ಕ್, ಮೂಸ್‌ನಂಥ ದೊಡ್ಡ ಜಾತಿಯ ಜಿಂಕೆಗಳಿಗೆ 180 ಗ್ರೇನ್, ಸುಮಾರು 820 ಮೀಟರ್ ವೇಗ. ಎರಡು ಮಹಾಯುದ್ಧಗಳಲ್ಲಿ ಅಮೆರಿಕದ ಸೈನಿಕರು ಹೊತ್ತ ತೋಟಾ ಇದು, ಹಾಗಾಗಿ ಇದಕ್ಕೆ ರೈಫಲ್ ಮಾಡದ ಕಂಪನಿಯೇ ಇಲ್ಲವೆನ್ನಬಹುದು.

ಪಟ್ಟಿಗಳಲ್ಲಿ ಕಾಣದ ಕಾರಣ ಒಂದಿದೆ, ನನಗೆ ಅದೇ ಮುಖ್ಯ. ವಿಮಾನದಲ್ಲಿ ಬ್ಯಾಗು ಕಳೆದುಹೋಗಿ ತೋಟಾ ಇಲ್ಲದೆ ಯಾವುದೋ ಹಳ್ಳಿಗೆ ಬಂದಿಳಿದರೂ ಅಲ್ಲಿನ ಕಿರಾಣಿಯಂಥ ಅಂಗಡಿಯಲ್ಲಿ .30-06 ಸಿಗುವ ಸಂಭವ ಹೆಚ್ಚು. ಹೊಸ ಹೊಸ ಹೆಸರಿನ ತೋಟಾಗಳಿಗೆ ಈ ಭಾಗ್ಯವಿಲ್ಲ.

.308 ಸಾಲಲ್ವಾ? ಎರಡಕ್ಕೂ ಅಂಥಾ ವ್ಯತ್ಯಾಸ ಏನೈತೆ?

ಸಾಲುತ್ತದೆ. ಹತ್ತರಲ್ಲಿ ಒಂಬತ್ತು ಸಂದರ್ಭಗಳಲ್ಲಿ ಧಾರಾಳ. 1952ರಲ್ಲಿ ಬಂದ .308 ಸುಧಾರಿಸಿದ ಮದ್ದಿನ ಬಲದಿಂದ ಚಿಕ್ಕ ಕೊಳವೆಯಲ್ಲೇ ಹೆಚ್ಚುಕಡಿಮೆ ಅದೇ ಕೆಲಸ ಮಾಡಿತು. ಅದೇ ತೂಕದ ಗುಂಡಿಗೆ ಸೆಕೆಂಡಿಗೆ ಮೂವತ್ತು ಮೀಟರ್ ಆಸುಪಾಸು ವೇಗ ಕಡಿಮೆ. ಜಿಂಕೆಗೆ ಅದು ಗೊತ್ತಾಗುವುದಿಲ್ಲ. ರೈಫಲ್ ತುಸು ಗಿಡ್ಡ, ತುಸು ಹಗುರ, ಹೊಡೆದಾಗ ಭುಜಕ್ಕೆ ಬೀಳುವ ಒದೆತವೂ ಕಡಿಮೆ.

.30-06 ಗೆಲ್ಲುವುದು 200, 220 ಗ್ರೇನಿನ ಭಾರದ ಗುಂಡಿನಲ್ಲಿ. ಉದ್ದನೆಯ ಗುಂಡು .308ರ ಗಿಡ್ಡ ಕೊಳವೆಯೊಳಗೆ ಮದ್ದಿನ ಜಾಗ ತಿಂದುಬಿಡುತ್ತದೆ. ಕರಡಿ ಇರುವ ಕಾಡಿಗೆ ಹೋಗುವವರು ಇದನ್ನು ನೋಡಬೇಕು. ಉಳಿದವರು ಅಂಗಡಿಯಲ್ಲಿ ಯಾವುದು ಕೈಗೆ ಚೆನ್ನಾಗಿ ಕೂತಿತೋ ಅದನ್ನು ತೆಗೆದುಕೊಳ್ಳಲಿ.

ಮಗ ಕೊಲೊರಾಡೊದಲ್ಲಿದಾನೆ, ಎಲ್ಕ್ ಹೊಡೀಬೇಕಂತೆ. ಅಂಗಡಿಯವನು 6.5 ಕ್ರೀಡ್‌ಮೂರ್ ತಗೋ ಅಂತಿದಾನಂತೆ. ತಗೊಳ್ಳಲಾ?

ಎಲ್ಕ್ ನಮ್ಮ ಕಡವೆಯ ದೊಡ್ಡಣ್ಣ. ಗಂಡು 300 ಕಿಲೋ ದಾಟುತ್ತದೆ. ಕೊಲೊರಾಡೊ ಕಾನೂನು ಎಲ್ಕ್‌ಗೆ ಕನಿಷ್ಠ 6 ಮಿ.ಮೀ. ಅಗಲ, 85 ಗ್ರೇನ್ ತೂಕದ ಗುಂಡು, 100 ಗಜದಲ್ಲಿ 1000 ಫುಟ್-ಪೌಂಡ್ (ಶಕ್ತಿ ಅಳೆಯಲು ಅಮೆರಿಕದವರು ಬಳಸುವ ಮಾನ) ಶಕ್ತಿ ಕೇಳುತ್ತದೆ. 6.5 ಕ್ರೀಡ್‌ಮೂರ್ ಇದನ್ನು ಸಲೀಸಾಗಿ ದಾಟುತ್ತದೆ, ಕಾನೂನಿನ ತೊಡಕೇನೂ ಇಲ್ಲ.

ಈ ತೋಟಾ 2007ರಲ್ಲಿ ಹುಟ್ಟಿದ್ದು ದೂರದ ಗುರಿಸ್ಪರ್ಧೆಗೆಂದು. ಗುಂಡು ಸಪೂರ, ಉದ್ದ. ಗಾಳಿಗೆ ಅಷ್ಟಾಗಿ ಸರಿಯುವುದಿಲ್ಲ, ಒದೆತ ಕಡಿಮೆ. ಎಲ್ಕ್ ಪಕ್ಕಕ್ಕೆ ತಿರುಗಿ ನಿಂತು ಮುಂಗಾಲಿನ ಹಿಂದಿನ ಜಾಗ ತೋರಿದರೆ 140 ಗ್ರೇನಿನ ಒಳ್ಳೆಯ ಗುಂಡು ಸಾಕು. ಓರೆಯಾಗಿ ನಿಂತಾಗ ದಪ್ಪ ಮೂಳೆ, ಹೊಟ್ಟೆಯ ಹುಲ್ಲು ದಾಟಿ ಶ್ವಾಸಕೋಶ ಮುಟ್ಟಬೇಕಾಗುತ್ತದೆ. ಆಗ 180 ಗ್ರೇನಿನ .30-06 ಕೈಯಲ್ಲಿದ್ದರೆ ಎದೆ ಹಗುರ. ಮಗ ಅಂಥ ಹೊತ್ತಲ್ಲಿ ಟ್ರಿಗರ್‌ನಿಂದ ಬೆರಳು ತೆಗೆಯುವವನಾದರೆ ಕ್ರೀಡ್‌ಮೂರ್ ಕೊಳ್ಳಲಿ. ಇಷ್ಟು ದೂರ ಬಂದಿದ್ದೇನೆ, ಹೇಗಾದರೂ ಹೊಡೆದೇ ಹೋಗುತ್ತೇನೆ ಎನ್ನುವವನಾದರೆ ಬೇಡ. ಅಂಥವನಿಗೆ ದೊಡ್ಡ ತೋಟಾ ಕೊಡಲಿಕ್ಕೂ ನನಗೆ ಮನಸ್ಸಿಲ್ಲ ಅನ್ನಿ.

.270 ಹಳೇದಾಯ್ತು ಅಂತಾರೆ, ಹೌದಾ?

1925ರಲ್ಲಿ ಬಂದದ್ದು, ಹಳೆಯದೇ. 130 ಗ್ರೇನಿನ ಗುಂಡು ಸೆಕೆಂಡಿಗೆ 930 ಮೀಟರ್ ಆಸುಪಾಸು. ಬಯಲುಸೀಮೆಯಂಥ ತೆರೆದ ಜಾಗದಲ್ಲಿ ಜಿಂಕೆ, ಪ್ರಾಂಗ್‌ಹಾರ್ನ್, ಬೆಟ್ಟದ ಕುರಿಗೆ ಇವತ್ತಿಗೂ ಇದರ ಜೋಡಿ ಕಡಿಮೆ. ಯಾರಾದರೂ ಮಾವ ಹಳೆಯ .270 ಉಡುಗೊರೆ ಕೊಟ್ಟರೆ ಹೊಸದು ಹುಡುಕುವ ಅಗತ್ಯವೇ ಇಲ್ಲ.

ಪವರ್ ಜಾಸ್ತಿ ಇದ್ದಷ್ಟೂ ಒಳ್ಳೇದಲ್ವಾ? ಮ್ಯಾಗ್ನಮ್ ಒಂದು ತಗೊಂಡ್ರೆ ಇಲಿಯಿಂದ ಕರಡಿವರೆಗೂ ಆಗುತ್ತೆ.

ಮ್ಯಾಗ್ನಮ್ ಎಂದರೆ ಹೆಚ್ಚು ಮದ್ದು ಹಿಡಿಯುವ, ಹೆಚ್ಚು ಬಲದ ತೋಟಾ. ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದು. ಎಲ್ಲಕ್ಕಿಂತ ಹೆಚ್ಚು ದುಡ್ಡು ಪೋಲಾಗುವುದೂ ಇಲ್ಲೇ.

ಗುಂಡು ಮುಂದೆ ಹೋಗುವ ಬಲದಿಂದಲೇ ರೈಫಲ್ ಹಿಂದಕ್ಕೆ ಒದೆಯುತ್ತದೆ, ತಪ್ಪಿಸಿಕೊಳ್ಳುವಂತಿಲ್ಲ. ಮೂರೂವರೆ ಕಿಲೋ ಚಿಲ್ಲರೆ ತೂಗುವ ರೈಫಲ್‌ನಲ್ಲಿ .243 ವಿಂಚೆಸ್ಟರಿನ ಒದೆತ ಹತ್ತು ಫುಟ್-ಪೌಂಡ್ ಆಸುಪಾಸು, .308ದು ಹದಿನೇಳು, ಹದಿನೆಂಟು, .30-06ರದು ಇಪ್ಪತ್ತು. 1963ರ .300 ವಿಂಚೆಸ್ಟರ್ ಮ್ಯಾಗ್ನಮ್ ಇಪ್ಪತ್ತೈದನ್ನು ದಾಟುತ್ತದೆ. ಹೆಚ್ಚಿನವರ ಭುಜ ಇಪ್ಪತ್ತರವರೆಗೆ ಗೊಣಗುತ್ತಾ ತಡೆದುಕೊಳ್ಳುತ್ತದೆ. ಅಲ್ಲಿಂದಾಚೆಗೆ ಮೈ ತನ್ನಷ್ಟಕ್ಕೆ ತಾನೇ ಮುಂಚಿತವಾಗಿ ಹೆದರಲು ಕಲಿಯುತ್ತದೆ. ಟ್ರಿಗರ್ ಒತ್ತುವ ಕ್ಷಣಕ್ಕೆ ಕಣ್ಣು ಮುಚ್ಚುತ್ತದೆ, ಭುಜ ಮುಂದಕ್ಕೆ ನುಗ್ಗುತ್ತದೆ, ಬೆರಳು ಕಿತ್ತೆಳೆಯುತ್ತದೆ. ಗುಂಡು ಒಂದಡಿ ಕೆಳಗೆ ಬೀಳುತ್ತದೆ. ಮೂರು ಸಾವಿರ ಫುಟ್-ಪೌಂಡ್ ಶಕ್ತಿಯೆಲ್ಲ ಪ್ರಾಣಿಯ ಕಾಲಿಗೋ ಹೊಟ್ಟೆಗೋ ಬಿದ್ದರೆ ಅದಕ್ಕೆ ಸಿಗುವುದು ನಿಧಾನದ ಸಾವು.

ಹೆದರಿಕೆ ಇದೆಯೋ ಇಲ್ಲವೋ ಹೊಡೆಯುವವನಿಗೆ ಗೊತ್ತಾಗುವುದಿಲ್ಲ, ಒಪ್ಪಿಕೊಳ್ಳುವುದಂತೂ ದೂರ. ಪರೀಕ್ಷೆ ಸುಲಭ. ರೇಂಜಿನಲ್ಲಿ ಗೆಳೆಯನೊಬ್ಬ ನಿಮಗೆ ಕಾಣದಂತೆ ಮ್ಯಾಗಜೀನಿಗೆ ತೋಟಾ ತುಂಬಲಿ, ನಡುವೆ ಎಲ್ಲೋ ಒಂದು ಮದ್ದಿಲ್ಲದ ಡಮ್ಮಿ ತೋಟಾ ಸೇರಿಸಲಿ. ಡಮ್ಮಿ ಬಂದಾಗ ಸದ್ದಿಲ್ಲ, ಒದೆತವಿಲ್ಲ. ಆ ಕ್ಷಣ ನಳಿಗೆಯ ತುದಿ ಕದಲದೆ ನಿಂತಿತೇ, ಕೆಳಗೆ ಬಾಗಿತೇ ನೋಡಿ. ಬಾಗಿದರೆ ಒಂದು ಮೆಟ್ಟಿಲು ಕೆಳಗಿನ ತೋಟಾಕ್ಕೆ ಇಳಿಯಿರಿ. ಪ್ರಾಣಿ ಎಷ್ಟು ದೊಡ್ಡದು ಎಂಬುದು ಆಮೇಲಿನ ಮಾತು, ಮೊದಲು ನಿಮ್ಮ ಭುಜದ ಮಾತು ಕೇಳಿ.

ಇನ್ನೊಂದು: ಮ್ಯಾಗ್ನಮ್ ತೋಟಾ ದುಬಾರಿ. ದುಬಾರಿಯಾದ್ದರಿಂದ ಅಭ್ಯಾಸ ಕಡಿಮೆ, ಅಭ್ಯಾಸವಿಲ್ಲದ್ದರಿಂದ ಗುರಿ ಕೆಡುತ್ತದೆ. ಇಲಿಗೆ ಅಂತ ಕೇಳಿದ್ದು ತಮಾಷೆಗೆ ಅಂದುಕೊಂಡಿದ್ದೇನೆ.

ನಮ್ಮ ಸೊಸೆ ಸಣ್ಣ ಮೈಕಟ್ಟು, ಅವಳೂ ಜೊತೆಗೆ ಹೋಗ್ತಾಳಂತೆ. ಅವಳಿಗೆ ಯಾವುದು?

7 ಮಿ.ಮೀ.-08 ರೆಮಿಂಗ್ಟನ್, ಇಲ್ಲವೇ ಮೇಲೆ ಹೇಳಿದ 6.5 ಕ್ರೀಡ್‌ಮೂರ್. ಜಿಂಕೆಯೊಂದೇ ಆದರೆ .243 ಕೂಡ ಆಗುತ್ತದೆ. ಎಲ್ಕ್‌ಗೆ .243 ಕಾನೂನು ಪ್ರಕಾರ ಸರಿ, ನನ್ನ ಮನಸ್ಸಿಗೆ ಸರಿಯಿಲ್ಲ.

ತೋಟಾಕ್ಕಿಂತ ಮೊದಲು ರೈಫಲ್‌ನ ಮರದ ಹಿಡಿ ಅಳೆಸಿ. ಹಿಡಿಯ ಹಿಂಬದಿಯಿಂದ ಟ್ರಿಗರ್‌ವರೆಗಿನ ಉದ್ದ ಅವಳ ತೋಳಿಗೆ ಹೊಂದಬೇಕು. ಗಂಡಸರ ಅಳತೆಯ ರೈಫಲ್ ಕೊಟ್ಟು, ಒದೆಯಿತು ಎಂದು ಅವಳು ಮುಖ ಸಿಂಡರಿಸಿದಾಗ ನಗುವವರನ್ನು ನೋಡಿದ್ದೇನೆ. ಅಳತೆ ತಪ್ಪಿದ ಅಂಗಿ ಹೊಲಿದ ದರ್ಜಿ ಗಿರಾಕಿಯನ್ನು ನೋಡಿ ನಕ್ಕ ಹಾಗೆ ಅದು.

ಅಲಾಸ್ಕಾ, ಆಫ್ರಿಕಾ ಎರಡೂ ಕಡೆ ಹೋಗೋ ಆಸೆ ಇದೆ. ಆವಾಗ್ಲೂ .30-06 ಸಾಕಾ?

ಆಫ್ರಿಕಾದ ಬಯಲಿನಲ್ಲಿ ಇಂಪಾಲಾ, ಕುಡು, ವೈಲ್ಡೆಬೀಸ್ಟ್‌ಗೆ ಸಾಕು. ಅಲಾಸ್ಕಾದ ಮೂಸ್‌ಗೂ ಸಾಕು. ಅದು 500 ಕಿಲೋ ದಾಟುವ ಪ್ರಾಣಿಯಾದರೂ ಗಡುಸಲ್ಲ. ಸಾಲದೇ ಇರುವುದು ತಿರುಗಿ ಬೀಳುವ ಪ್ರಾಣಿಗಳಿಗೆ: ಕಾಡೆಮ್ಮೆ, ಆನೆ. ಆಫ್ರಿಕಾದ ಹಲವು ದೇಶಗಳು ಇವಕ್ಕೆ .375ಕ್ಕಿಂತ ಕಡಿಮೆಯ ತೋಟಾ ಒಪ್ಪುವುದೇ ಇಲ್ಲ.

ಭೂಮಿಯ ಮೇಲಿನ ಸಮಸ್ತಕ್ಕೂ ಒಂದೇ ತೋಟಾ ಬೇಕು ಎಂದು ಹಟ ಹಿಡಿದರೆ ಅದು .375 ಹಾಲಂಡ್ ಅಂಡ್ ಹಾಲಂಡ್ ಮ್ಯಾಗ್ನಮ್. 1912ರದು. 300 ಗ್ರೇನಿನ ಗುಂಡು ಸೆಕೆಂಡಿಗೆ 770 ಮೀಟರ್. ಒದೆತ .30-06ರ ಹೆಚ್ಚುಕಡಿಮೆ ಎರಡರಷ್ಟು. ಜಿಂಕೆಗೂ ಆದೀತು, ಆದರೆ ಜಿಂಕೆಗೆಂದು ಯಾರೂ ಕೊಳ್ಳುವುದಿಲ್ಲ. ಜೀವಮಾನಕ್ಕೊಮ್ಮೆ ಹೋಗುವ ಕಾಡೆಮ್ಮೆ ಬೇಟೆಗೆ ಅಲ್ಲಿನ ಶಿಕಾರಿ ಕಂಪನಿಗಳೇ ಬಾಡಿಗೆಗೆ .375 ಕೊಡುವುದುಂಟು. ಮನೆಗೊಂದು ಕೊಳ್ಳುವುದಕ್ಕಿಂತ ಅದೇ ಮೇಲು.

ಹುಡುಗ ಎಚ್-1ಬಿ ವೀಸಾದಲ್ಲಿದಾನೆ. ಅವನಿಗೆ ರೈಫಲ್ ಮಾರ್ತಾರಾ?

ತೋಟಾ ಆರಿಸುವ ಮೊದಲೇ ಕೇಳಬೇಕಾದ ಪ್ರಶ್ನೆ. ಎಚ್-1ಬಿ, ವಿದ್ಯಾರ್ಥಿ ವೀಸಾದಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು, ತೋಟಾ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಅದಕ್ಕಿರುವ ವಿನಾಯಿತಿಗಳಲ್ಲಿ ಮುಖ್ಯವಾದದ್ದು ಅಲ್ಲಿನ ರಾಜ್ಯವೊಂದು ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ. ಪರವಾನಗಿ ಮೊದಲು, ರೈಫಲ್ ಆಮೇಲೆ. ಪರವಾನಗಿಯ ಅವಧಿ ಮುಗಿದ ಮೇಲೂ ಅಲಮಾರಿನಲ್ಲಿ ರೈಫಲ್ ಇದ್ದರೆ ತೊಂದರೆ. ವೀಸಾದ ಗತಿಯೂ ಅದರ ಜೊತೆಗೇ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿರ್ಬಂಧವಿಲ್ಲ. ಕೊಲೊರಾಡೊದಲ್ಲಿ 1949ರ ಜನವರಿ 1 ಮತ್ತು ಅದರ ನಂತರ ಹುಟ್ಟಿದವರೆಲ್ಲ ಬೇಟೆ ತರಬೇತಿ ಮುಗಿಸಿರಬೇಕು. ಅಂದರೆ ನಿಮ್ಮ ಹುಡುಗನೂ.

## ಗುಂಡು, ದೂರ, ಶಕ್ತಿ

ತೋಟಾ ಗೊತ್ತಾಯ್ತು. ಇನ್ನು ಡಬ್ಬಿ ಯಾವುದಾದ್ರೂ ನಡೆಯುತ್ತಾ?

ನಡೆಯುವುದಿಲ್ಲ. .270ರೋ .308ರೋ ಎಂದು ತಿಂಗಳುಗಟ್ಟಲೆ ಜಗಳವಾಡಿ, ಕೊನೆಗೆ ಅತಿ ಅಗ್ಗದ ಡಬ್ಬಿ ಎತ್ತಿಕೊಂಡು ಬರುವವರು ಎಲ್ಲಾ ದೇಶದಲ್ಲೂ ಇದ್ದಾರೆ. ಪ್ರಾಣಿಯ ಮೈಗೆ ತಗಲುವುದು ಗುಂಡು, ತೋಟಾದ ಹೆಸರಲ್ಲ.

ಬೇಟೆಯ ಗುಂಡು ಒಳಹೊಕ್ಕ ಮೇಲೆ ಅರಳಬೇಕು, ಅಗಲವಾದ ಗಾಯ ಮಾಡಬೇಕು, ಆದರೆ ಪುಡಿಯಾಗಬಾರದು. ಮೈಪೂರ್ತಿ ಲೋಹದ ಹೊದಿಕೆಯ ಸೈನ್ಯದ ಗುಂಡು ಅರಳದೆ ಸೂಜಿಯಂಥ ತೂತು ಮಾಡಿ ಆಚೆ ಹೋಗುತ್ತದೆ. ಪ್ರಾಣಿ ಮೈಲಿಗಟ್ಟಲೆ ಓಡಿ ಸಾಯುತ್ತದೆ. ಅದಕ್ಕೇ ಅಮೆರಿಕದ ಬಹಳ ರಾಜ್ಯಗಳು ಬೇಟೆಗೆ ಅದನ್ನು ಒಪ್ಪುವುದಿಲ್ಲ. ಇದಕ್ಕೆ ತದ್ವಿರುದ್ಧ, ತೆಳು ಹೊದಿಕೆಯ ಗುಂಡು ಅತಿ ವೇಗದಲ್ಲಿ ಹೋಗಿ ಭುಜದ ಮೂಳೆಗೆ ಬಡಿದರೆ ಅಲ್ಲೇ ಚೂರಾಗುತ್ತದೆ.

ಈ ಎರಡರ ನಡುವಿನ ದಾರಿ ಹುಡುಕಿದವನು ಜಾನ್ ನೋಸ್ಲರ್. 1946ರಲ್ಲಿ ಕೆನಡಾದಲ್ಲಿ ಕೆಸರು ಮೆತ್ತಿದ ಮೂಸ್ ಒಂದಕ್ಕೆ ಅವನ ಗುಂಡುಗಳು ಒಳಹೊಗಲಿಲ್ಲವಂತೆ. ಊರಿಗೆ ಬಂದು ಗುಂಡಿನ ನಡುವೆ ತಾಮ್ರದ ಅಡ್ಡಗೋಡೆ ಇಟ್ಟ. ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ಗಟ್ಟಿಯಾಗಿ ಉಳಿದು ಒಳಕ್ಕೆ ದೂಡುತ್ತದೆ. ಪಾರ್ಟಿಷನ್ ಎಂಬ ಆ ಗುಂಡು ಈಗಲೂ ಮಾರಾಟದಲ್ಲಿದೆ. ಸೀಸವೇ ಇಲ್ಲದ ಪೂರ್ತಿ ತಾಮ್ರದ ಗುಂಡುಗಳೂ ಈಗ ಚೆನ್ನಾಗಿವೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಎಲ್ಲಾ ಬೇಟೆಗೂ ಸೀಸದ ಗುಂಡು ನಿಷಿದ್ಧ. ಸತ್ತ ಪ್ರಾಣಿಯ ಕರುಳು ತಿನ್ನುವ ಕಾಂಡೋರ್ ಹದ್ದುಗಳ ಹೊಟ್ಟೆಗೆ ಸೀಸ ಹೋಗುವುದೇ ಮುಖ್ಯ ಕಾರಣ.

ಎಷ್ಟು ದೂರದವರೆಗೆ ಹೊಡೀಬಹುದು?

ತೋಟಾ ಹೋಗುವ ದೂರ ಬೇರೆ, ನೀವು ಹೊಡೆಯಬಹುದಾದ ದೂರ ಬೇರೆ. 180 ಗ್ರೇನಿನ .30-06ನ್ನು 200 ಗಜದಲ್ಲಿ ಗುಂಡು ಗುರಿಗೆ ಸರಿಯಾಗಿ ಬೀಳುವಂತೆ ಹೊಂದಿಸಿದರೆ 300 ಗಜದಲ್ಲಿ ಗುಂಡು ಎಂಟೊಂಬತ್ತು ಇಂಚು ಕೆಳಗೆ ಬೀಳುತ್ತದೆ, 400ರಲ್ಲಿ ಎರಡಡಿ. ಜಿಂಕೆಯ ಹೃದಯ, ಶ್ವಾಸಕೋಶದ ಜಾಗ ಅಡ್ಡಡ್ಡ ಒಂದು ಗೇಣು ಮಾತ್ರ. ಗಾಳಿಯ ಲೆಕ್ಕ ಇನ್ನೂ ಹಿಡಿದಿಲ್ಲ.

ಗೇಣಗಲದ ತಟ್ಟೆ ಇಟ್ಟು ಹೊಡೆಯಿರಿ. ಮೇಜಿನ ಮೇಲೆ ಮರಳಿನ ಚೀಲ ಇಟ್ಟು ಹೊಡೆದದ್ದು ಲೆಕ್ಕಕ್ಕಿಲ್ಲ. ಕೂತು, ಮಂಡಿಯೂರಿ, ಏದುಸಿರು ಬಿಡುತ್ತಾ ಹೊಡೆಯಬೇಕು. ಪ್ರತಿ ಗುಂಡೂ ತಟ್ಟೆಗೆ ಬೀಳುವಷ್ಟು ದೂರವೇ ನಿಮ್ಮ ದೂರ. ಹೆಚ್ಚಿನವರದು 200 ಗಜದೊಳಗೇ ಮುಗಿಯುತ್ತದೆ.

ಎಲ್ಕ್‌ಗೆ ಇಷ್ಟು ಫುಟ್-ಪೌಂಡ್ ಬೇಕೇ ಬೇಕು ಅಂತ ಪಟ್ಟಿ ಇರುತ್ತಲ್ಲ, ಅದು ನಂಬಬಹುದಾ?

ಕಾನೂನು ಕೇಳುವ ಅಂಕಿಯನ್ನು ಪಾಲಿಸಲೇಬೇಕು. ಜರ್ಮನಿಯಲ್ಲಿ ಕೆಂಪು ಜಿಂಕೆ, ಕಾಡುಹಂದಿಗೆ ಕನಿಷ್ಠ 6.5 ಮಿ.ಮೀ. ಅಗಲ, 100 ಮೀಟರಿನಲ್ಲಿ 2000 ಜೂಲ್ ಬೇಕು. ಉಳಿದ ಪಟ್ಟಿಗಳನ್ನು ಅಂದಾಜು ಎಂದಷ್ಟೇ ನೋಡಿ. ಶಕ್ತಿ ಎಂಬುದು ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಹಗುರ ಗುಂಡು, ಅತಿ ವೇಗ ಇದ್ದರೆ ಕಾಗದದ ಮೇಲೆ ಭಾರಿ ಅಂಕಿ ಬರುತ್ತದೆ. ಒಳಹೊಗುವ ಆಳವನ್ನು ನಿರ್ಧರಿಸುವುದು ಗುಂಡಿನ ತೂಕ, ಉದ್ದ, ಗಟ್ಟಿತನ. ಗುಂಡು ಪ್ರಾಣಿಯನ್ನು ಎತ್ತಿ ಬಿಸಾಡುತ್ತದೆ ಎಂಬುದು ಸಿನಿಮಾ ಮಾತು. ಹಾಗೆ ಬಿಸಾಡುವ ಬಲವಿದ್ದರೆ ಹೊಡೆದವನೂ ಅಷ್ಟೇ ಜೋರಾಗಿ ಹಿಂದಕ್ಕೆ ಬೀಳಬೇಕಿತ್ತು.

ಕಾರ್ಬೆಟ್ ಸಣ್ಣ ರೈಫಲ್ಲಲ್ಲೇ ನರಭಕ್ಷಕ ಹುಲಿ ಹೊಡೆದನಂತೆ. ಮತ್ತೆ ನಮಗ್ಯಾಕೆ ದೊಡ್ಡದು?

ಚಂಪಾವತದ ಹೆಣ್ಣುಹುಲಿಯನ್ನು ಕೊಂದದ್ದಕ್ಕೆ 1907ರಲ್ಲಿ ಜಿಮ್ ಕಾರ್ಬೆಟ್‌ಗೆ ಬಹುಮಾನವಾಗಿ ಬಂದದ್ದು .275 ರಿಗ್ಬಿ ರೈಫಲ್. ಅದರ ತೋಟಾ 7×57 ಮೌಸರ್‌ನ ಇಂಗ್ಲಿಷ್ ಹೆಸರು, ಅಷ್ಟೆ. ಅವನ ಬಳಿ .450/400ರ ಭಾರಿ ಜೋಡಿ ನಳಿಗೆ ರೈಫಲ್ಲೂ ಇತ್ತೆಂಬುದನ್ನು ಕಥೆ ಹೇಳುವವರು ಮರೆಯುತ್ತಾರೆ. ಅದೇ 7×57ರಲ್ಲಿ ಡಬ್ಲ್ಯು.ಡಿ.ಎಂ. ಬೆಲ್ ಎಂಬ ಆನೆ ಬೇಟೆಗಾರ ಆಫ್ರಿಕಾದಲ್ಲಿ ನೂರಾರು ಆನೆ ಹೊಡೆದ. ಅವನು ಆನೆಯ ತಲೆಬುರುಡೆಯನ್ನು ಕೊಯ್ದು ನೋಡಿ, ಮೆದುಳು ಎಲ್ಲಿ ಕೂತಿದೆ ಎಂದು ಎಲ್ಲಾ ಕೋನದಿಂದ ಕಲಿತಿದ್ದ. ಇವರಿಬ್ಬರಿಂದ ಕಲಿಯುವುದು ಗುರಿಯ ಶಿಸ್ತು. ತೋಟಾದ ವಿಷಯದಲ್ಲಿ ಇವರನ್ನು ಅನುಕರಿಸಲು ಹೋಗಬಾರದು.

## ನಮ್ಮೂರಿನ ಪ್ರಶ್ನೆಗಳು

ಮನೇಲಿ .315 ರೈಫಲ್ ಐತೆ. ಅದು ಇವುಗಳಲ್ಲಿ ಯಾವ ಲೆಕ್ಕ?

ಬ್ರಿಟಿಷರ ಸೈನ್ಯದ ತೋಟಾ .303. ಅದು ಜನರ ಕೈಗೆ ಸೋರಬಾರದೆಂದು ಖಾಸಗಿಯವರಿಗೆ .303 ನಿಷೇಧಿಸಿ, ಬೇರೆ ತೋಟಾದ ರೈಫಲ್ ಕೊಟ್ಟರು. ಆಸ್ಟ್ರಿಯಾದ ಹಳೆಯ 8×50 ಮಾನ್‌ಲಿಶರ್ ಕೊಳವೆಯೇ ನಮ್ಮ .315. ಪಶ್ಚಿಮ ಬಂಗಾಳದ ಇಷಾಪುರ ರೈಫಲ್ ಫ್ಯಾಕ್ಟರಿ ಇದನ್ನು ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡ್ ಮಾದರಿಯ ಬೋಲ್ಟ್ ರೈಫಲ್ಲಿಗೆ (ಪ್ರತಿ ಸಲ ಕೈಯಿಂದ ಹಿಡಿಯನ್ನು ಎಳೆದು ತೋಟಾ ಏರಿಸುವಂಥದ್ದು) ಕೂರಿಸಿತು. ಸ್ವಾತಂತ್ರ್ಯ ಬಂದರೂ ಆ ನಿಯಮ ಹೋಗಲಿಲ್ಲ. .303 ಇವತ್ತಿಗೂ ನಿಷೇಧಿತ ಬೋರ್. ಇಷಾಪುರದ್ದೇ .30-06 ರೈಫಲ್ ಕೂಡ ಉಂಟು, ಅದು ನಿಷೇಧಿತವಲ್ಲ.

.315ರ ಗುಂಡು 244 ಗ್ರೇನ್, ಭಾರದ್ದು, ನಿಧಾನದ್ದು. ನೂರು, ನೂರೈವತ್ತು ಮೀಟರಿನೊಳಗೆ ದಮ್ಮಿದೆ, ಆಮೇಲೆ ಬೇಗ ಇಳಿಯುತ್ತದೆ. ಬೇರೆ ದೇಶದಲ್ಲಿ ಹೆಚ್ಚುಕಡಿಮೆ ಯಾರಿಗೂ ಇದರ ಪರಿಚಯವಿಲ್ಲ.

ಹಂದಿ ಕಾಟ ತಡೆಯಾಕಾಗ್ತಿಲ್ಲಣ್ಣ. ಮೆಕ್ಕೆಜೋಳ ಕಾಯಾಕೆ ರೈಫಲ್ ಲೈಸೆನ್ಸ್ ಕೊಡ್ತಾರಾ?

ರೈಫಲ್ ಆಸೆ ಬಿಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಬೆಳೆ ರಕ್ಷಣೆಗೆಂದು ಹೇಳುವುದು ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಕೋವಿ. ಅರ್ಜಿ ಜಿಲ್ಲಾಧಿಕಾರಿ ಕಚೇರಿಗೆ, ಪೊಲೀಸ್ ವರದಿ ಬರಬೇಕು, ವಯಸ್ಸು 21 ತುಂಬಿರಬೇಕು. 2019ರ ತಿದ್ದುಪಡಿಯ ನಂತರ ಲೈಸೆನ್ಸ್ 5 ವರ್ಷಕ್ಕೆ, ಒಬ್ಬರಿಗೆ ಎರಡೇ ಬಂದೂಕು.

ಇದರಲ್ಲಿ ಅರ್ಥವೂ ಇದೆ. .30-06ರ ಗುಂಡು ಗುರಿ ತಪ್ಪಿದರೆ ಮೂರು ಕಿಲೋಮೀಟರಿಗೂ ಆಚೆ ಹೋಗಿ ಬೀಳಬಲ್ಲದು. ಹರಿಹರದ ಸುತ್ತಿನ ಸಪಾಟು ಎರೆಹೊಲದಲ್ಲಿ ನಿಂತು ನೋಡಿ, ಮೂರು ಕಿಲೋಮೀಟರಿನೊಳಗೆ ಎಷ್ಟು ಹಟ್ಟಿ, ಎಷ್ಟು ಪಂಪ್‌ಸೆಟ್ ಮನೆ ಕಾಣುತ್ತವೆ. ರಾತ್ರಿ ಹೊತ್ತು ಜೋಳದೊಳಗೆ ಅಲುಗಾಡಿದ್ದು ಹಂದಿಯೋ ನೀರು ಕಟ್ಟಲು ಬಂದ ಪಕ್ಕದ ಹೊಲದವನೋ?

ಕೋವಿ ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿ ಹೊಡೆಯುವ ಹಕ್ಕೂ ಬರುವುದಿಲ್ಲ. ವನ್ಯಜೀವಿ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಬೆಳೆಗೆ, ಜೀವಕ್ಕೆ ಅಪಾಯವಾದಾಗ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿ ಲಿಖಿತ ಅನುಮತಿ ಕೊಡಬೇಕು. ಸತ್ತ ಪ್ರಾಣಿ ಸರ್ಕಾರದ ಸ್ವತ್ತು, ಪಾಲು ಹಾಕಿಕೊಳ್ಳುವಂತಿಲ್ಲ. ಸದ್ದಿನ ಕೇಪು, ಸೋಲಾರ್ ಬೇಲಿ, ಬೆಳೆ ಹಾಳಾದ ಕೂಡಲೇ ಫೋಟೊ, ಪಹಣಿ ಸಮೇತ ವಲಯ ಅರಣ್ಯಾಧಿಕಾರಿ ಕಚೇರಿಗೆ ಪರಿಹಾರದ ಅರ್ಜಿ: ಬೇಸರದ ದಾರಿಯೇ, ಆದರೆ ಜೈಲಿನ ದಾರಿಯಲ್ಲ. ತಂತಿಗೆ ನೇರ ಕರೆಂಟ್ ಕೊಡುವುದು, ಸಿಡಿಮದ್ದು ಇಡುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಅವಕ್ಕೆ ಹಂದಿ, ಹಸು, ಮನುಷ್ಯ ಎಂಬ ಭೇದವಿಲ್ಲ.

ಏರ್‌ಗನ್‌ಗೆ ಲೈಸೆನ್ಸ್ ಬ್ಯಾಡಂತಲ್ಲ. ಮೊಲ, ಕೌಜುಗ ಹೊಡೆದ್ರೆ?

.177 ಬೋರ್, 20 ಜೂಲ್‌ವರೆಗಿನ ಏರ್‌ಗನ್‌ಗೆ ಲೈಸೆನ್ಸ್ ಬೇಡ, ಸರಿ. ಮೊಲಕ್ಕೂ ಕೌಜುಗಕ್ಕೂ ವನ್ಯಜೀವಿ ಕಾಯ್ದೆ ಅನ್ವಯಿಸುತ್ತದೆ, ಅದೂ ಸರಿ. ಕಾಗದದ ಗುರಿಗೆ ಹೊಡೆಯಿರಿ. ಮಕ್ಕಳಿಗೆ ಹತ್ತು ಮೀಟರ್ ಶೂಟಿಂಗ್ ಕಲಿಸಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ.

ಅಪ್ಪ ತೀರಿಕೊಂಡ್ರು. ಕೋವಿ, ಹಳೇ ತೋಟಾ ಎಲ್ಲಾ ಮನೇಲೇ ಅವೆ. ಏನ್ ಮಾಡ್ಬೇಕು?

ಲೈಸೆನ್ಸ್ ಅಪ್ಪನ ಹೆಸರಿನದು, ಅವರೊಂದಿಗೇ ಮುಗಿಯಿತು. ತಿಥಿ ಮುಗಿಯಲಿ, ನೋಡೋಣ ಎಂದು ಅಟ್ಟದ ಮೇಲೆ ಇಡಬೇಡಿ. ಕೋವಿಯನ್ನೂ ತೋಟಾಗಳನ್ನೂ ಹತ್ತಿರದ ಪೊಲೀಸ್ ಠಾಣೆಗೋ ಲೈಸೆನ್ಸ್ ಇರುವ ಬಂದೂಕು ಅಂಗಡಿಗೋ ಜಮಾ ಮಾಡಿ ರಸೀದಿ ಪಡೆಯಿರಿ. ಆಮೇಲೆ ಮನೆಯಲ್ಲಿ ಯಾರ ಹೆಸರಿಗೆ ಬೇಕೋ ಅವರು ವಾರಸುದಾರರಾಗಿ ಜಿಲ್ಲಾಧಿಕಾರಿಗೆ ಅರ್ಜಿ ಕೊಡಬಹುದು. ಉಳಿದವರ ಒಪ್ಪಿಗೆ ಪತ್ರ, ಮರಣ ಪ್ರಮಾಣಪತ್ರ ಜೊತೆಗಿರಲಿ.

ಹಸಿರು ಕಿಲುಬು ಹಿಡಿದ, ಬಾಯಿ ಸಡಿಲಾದ ತೋಟಾವನ್ನು ಪರೀಕ್ಷೆಗೆಂದು ಹಾರಿಸಬೇಡಿ, ಒಲೆಗೆ ಹಾಕಬೇಡಿ, ಬಾವಿಗೂ ಎಸೆಯಬೇಡಿ. ಅವನ್ನೂ ಎಣಿಸಿ, ಕೋವಿಯ ಜೊತೆಗೇ ಜಮಾ ಮಾಡಿ, ರಸೀದಿಯಲ್ಲಿ ಎಣಿಕೆ ಬರೆಸಿಕೊಳ್ಳಿ.